ಐದು ಫೈಲು, ಒಬ್ಬಳೇ ಅಮ್ಮ

ಸರಣಿ: ಅಮ್ಮನ ಜೊತೆ | ಕಂತು 14
(ಇದು ಸ್ವಲ್ಪ ಉದ್ದದ ಕಂತು, ಎಂಟು ಫೋಟೋಗೆ ಎಂಟು ಭಾಗ. ಈಗ ಟೈಮ್ ಇಲ್ಲದಿದ್ರೆ ಸೇವ್ ಮಾಡ್ಕೊಳ್ಳಿ.)

1/8
ಫೋಟೋ: ಸ್ಟೀಲ್ ತಟ್ಟೆಯಲ್ಲಿ ಒಂದು ದಿನದ ಮಾತ್ರೆಗಳು

ನಿಮ್ಮ ಮನೇಲಿ ಎಪ್ಪತ್ತು ದಾಟಿದವರು ಇದ್ದಾರಾ? ಹಾಗಿದ್ರೆ ಇವತ್ತು ರಾತ್ರಿ ಊಟ ಆದ್ಮೇಲೆ ಒಂದು ಕೆಲಸ ಮಾಡಿ. ಅವರು ಒಂದು ದಿನಕ್ಕೆ ನುಂಗೋ ಮಾತ್ರೆಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ ಎಣಿಸಿ. ಎಣಿಸಿದ ಮೇಲೆ ಇನ್ನೊಂದು ಪ್ರಶ್ನೆ: ಈ ತಟ್ಟೆಯನ್ನ ಪೂರ್ತಿಯಾಗಿ ನೋಡಿರೋ ಡಾಕ್ಟರ್ ಒಬ್ಬರಾದ್ರೂ ಇದ್ದಾರಾ?

ನಮ್ಮಮ್ಮನ ತಟ್ಟೇಲಿ ಆಗ ಹನ್ನೊಂದು ಇದ್ವು. ಬೀರುವಿನಲ್ಲಿ ಐದು ಪ್ಲಾಸ್ಟಿಕ್ ಫೈಲು. ಶುಗರ್‌ಗೆ ಒಂದು, ಬಿಪಿಗೆ ಒಂದು, ಥೈರಾಯ್ಡ್‌ಗೆ ಒಂದು, ಮಂಡಿಗೆ ಒಂದು, ಮೂರು ವರ್ಷದಿಂದ ಮರೆವಿಗೆ ಒಂದು. ಐದು ಕಡೆ ಐದು ಡಾಕ್ಟರು. ಎಲ್ಲರೂ ಒಳ್ಳೆಯವರೇ, ಅವರವರ ಫೈಲನ್ನ ಚೆನ್ನಾಗೇ ನೋಡ್ತಿದ್ರು. ಆದರೆ ಐದು ಫೈಲಿನ ಒಳಗಿರೋದು ಒಬ್ಬಳೇ ಅಮ್ಮ ಅಲ್ವಾ?

ಡಿಮೆನ್ಶಿಯಾ ಅಂದ್ರೆ ಮರೆವು, ಅದು ತಲೆಗೆ ಸಂಬಂಧಿಸಿದ್ದು. ಶುಗರ್ ಬಿಪಿ ಅಂದ್ರೆ ದೇಹಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಬಹಳ ಮಂದಿ ಹೀಗೆ ಎರಡು ಗೂಡಲ್ಲಿ ಇಟ್ಟು ಯೋಚನೆ ಮಾಡ್ತೀವಿ. ಅದು ಯಾಕೆ ಅಪಾಯ, ಇದರ ಬಗ್ಗೆ ಸಂಶೋಧನೆ ಏನು ಹೇಳುತ್ತೆ ಅನ್ನೋದೇ ಇವತ್ತಿನ ಮಾತು. ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರಲ್ಲ, ಬ್ಯಾಂಕ್ ಗುಮಾಸ್ತೆ. ಓದೋ ಹುಚ್ಚಿದೆ, ಮನೇಲಿ ಅಮ್ಮ ಇದ್ದಾಳೆ, ಅಷ್ಟೇ. ಇಲ್ಲಿ ಓದಿದ್ದನ್ನ ನೋಡಿ ಯಾವ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗಿ ಕೇಳಿ.

2/8
ಫೋಟೋ: ಬೀರುವಿನ ಕೆಳ ಅರೆಯಲ್ಲಿ ಐದು ಫೈಲುಗಳು

2005ರಲ್ಲಿ ಅಮೆರಿಕದ ‘ಜಾಮಾ’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಜಾನ್ಸ್ ಹಾಪ್ಕಿನ್ಸ್‌ನ ವೈದ್ಯೆ ಸಿಂಥಿಯಾ ಬಾಯ್ಡ್ ಮತ್ತು ಅವರ ಸಂಗಡಿಗರು. ಅವರು ಒಂದು ಅಜ್ಜಿಯನ್ನ ಕಲ್ಪಿಸಿಕೊಂಡ್ರು. ವಯಸ್ಸು 79. ಕಾಯಿಲೆ ಐದು: ಶುಗರ್, ಬಿಪಿ, ಕೀಲು ಸವೆತ, ಮೂಳೆ ಟೊಳ್ಳಾಗೋದು, ಮತ್ತೆ ಸಿಒಪಿಡಿ ಅಂತೀವಲ್ಲ, ಉಸಿರಾಟದ ತೊಂದರೆ. ನಿಮ್ಮ ಓಣಿಯಲ್ಲೇ ಇಂಥ ನಾಲ್ಕು ಜನ ಸಿಗ್ತಾರೆ.

ಆಮೇಲೆ ಪ್ರತಿ ಕಾಯಿಲೆಗೂ ತಜ್ಞರು ಬರೆದಿಟ್ಟ ಮಾರ್ಗಸೂಚಿಯನ್ನ ತಗೊಂಡು, ಅದರಲ್ಲಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಆ ಅಜ್ಜಿಗೆ ಮಾಡಿದ್ರೆ ಏನಾಗುತ್ತೆ ಅಂತ ಲೆಕ್ಕ ಹಾಕಿದ್ರು. 12 ಔಷಧಿ ಬಂತು. ಜೊತೆಗೆ ಇದನ್ನ ತಿನ್ನು, ಅದನ್ನ ತಿನ್ನಬೇಡ, ಇಷ್ಟು ನಡಿ, ಇದನ್ನ ದಿನಾ ಪರೀಕ್ಷೆ ಮಾಡ್ಕೋ ಅನ್ನೋ ಉದ್ದದ ಪಟ್ಟಿ. ಒಂದು ಕಾಯಿಲೆಯ ಔಷಧಿ ಇನ್ನೊಂದು ಕಾಯಿಲೆಗೆ ತೊಂದರೆ ಕೊಡೋ ಸಾಧ್ಯತೆ ಬೇರೆ.

ಒಂದೊಂದು ಮಾರ್ಗಸೂಚಿಯನ್ನೂ ಬಿಡಿಬಿಡಿಯಾಗಿ ನೋಡಿದ್ರೆ ಸರಿಯಾಗೇ ಇದೆ. ಕೂಡಿಸಿದಾಗ ಮಾತ್ರ ಅಜ್ಜಿಯ ಇಡೀ ದಿನ ಮಾತ್ರೆಯಲ್ಲೇ ಕಳೆದುಹೋಗುತ್ತೆ.

ಯಾಕೆ ಹೀಗೆ? ಔಷಧಿ ಪ್ರಯೋಗಗಳಿಗೆ ಜನರನ್ನ ಆರಿಸುವಾಗ ಆದಷ್ಟು ಒಂದೇ ಕಾಯಿಲೆ ಇರೋರನ್ನ ಹುಡುಕ್ತಾರೆ. ನಾಲ್ಕು ಕಾಯಿಲೆ ಇದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯೋದು ಕಷ್ಟ. ಮರೆವು ಇರೋರನ್ನ ಸೇರಿಸಿದ್ರೆ ಒಪ್ಪಿಗೆ ಪಡೆಯೋದು ಕಷ್ಟ, ಹೇಳಿದ ಹಾಗೆ ಮಾತ್ರೆ ತಗೊಂಡ್ರಾ ಅಂತ ಖಾತ್ರಿ ಮಾಡ್ಕೊಳ್ಳೋದೂ ಕಷ್ಟ. ಸಂಶೋಧಕರ ಕಷ್ಟ ನಿಜವಾದದ್ದೇ. ಆದ್ರೆ ಇದರ ಫಲ ಏನು ಅಂದ್ರೆ, ನಮ್ಮಮ್ಮನಂಥವರಿಗೆ ಕೊಡೋ ಚಿಕಿತ್ಸೆಯಲ್ಲಿ ಬಹುಪಾಲು ನಮ್ಮಮ್ಮನಂಥವರ ಮೇಲೆ ಪರೀಕ್ಷೆ ಆಗಿರೋದೇ ಇಲ್ಲ.

ಇನ್ನೊಂದು ಗಮನಿಸಿದ್ರಾ? ಬಾಯ್ಡ್ ಕಲ್ಪಿಸಿಕೊಂಡ ಅಜ್ಜಿಗೆ ಮರೆವು ಇರಲಿಲ್ಲ. ಮರೆವೂ ಸೇರಿಕೊಂಡ್ರೆ?

3/8
ಫೋಟೋ: ಶುಗರ್ ನೋಡೋ ಮೆಷಿನ್, ಪಕ್ಕದಲ್ಲಿ ಸಕ್ಕರೆ ಡಬ್ಬಿ

ದೀರ್ಘಕಾಲದ ಕಾಯಿಲೆಗಳನ್ನ ಮನೇಲಿ ನಿಭಾಯಿಸೋಕೆ ಬೇಕಾದ ಮುಖ್ಯ ಸಾಧನ ಯಾವುದು ಹೇಳಿ? ಮೆಷಿನ್ ಅಲ್ಲ, ಮಾತ್ರೆನೂ ಅಲ್ಲ. ನೆನಪು. ಬೆಳಗ್ಗಿನ ಮಾತ್ರೆ ತಗೊಂಡ್ನಾ? ಊಟ ಮಾಡಿದ್ನಾ? ನಿನ್ನೆ ತಲೆ ಸುತ್ತಿದ್ದು ಮಾತ್ರೆಗೆ ಮುಂಚೆನೋ ಆಮೇಲೋ? ಡಾಕ್ಟರು ಕೇಳೋ ಪ್ರಶ್ನೆಗಳೆಲ್ಲ ನೆನಪಿನ ಮೇಲೇ ನಿಂತಿವೆ. ಡಿಮೆನ್ಶಿಯಾ ಬಂದಾಗ ಮೊದಲು ಕೈ ಕೊಡೋದೇ ಆ ಸಾಧನ.

ಅಮ್ಮ ಆಗ ಚಿಂತಾಮಣಿ ಹತ್ತಿರದ ಊರಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ಲು. ಶುಗರ್‌ಗೆ ಗ್ಲಿಮೆಪಿರೈಡ್ ಅನ್ನೋ ಮಾತ್ರೆ ತಗೊಳ್ತಿದ್ಲು. ನಮ್ಮ ದೇಶದಲ್ಲಿ ಲಕ್ಷಾಂತರ ಜನ ತಗೊಳ್ಳೋ ಮಾತ್ರೆ, ಬೆಲೆ ಕಡಿಮೆ, ಕೆಲಸ ಚೆನ್ನಾಗಿ ಮಾಡುತ್ತೆ. ಇದು ಸಲ್ಫೋನೈಲ್‌ಯೂರಿಯಾ ಅನ್ನೋ ಗುಂಪಿಗೆ ಸೇರಿದ್ದು. ಈ ಗುಂಪಿನ ಮಾತ್ರೆ ಮೇದೋಜೀರಕ ಗ್ರಂಥಿಗೆ ‘ಇನ್ಸುಲಿನ್ ಬಿಡು’ ಅಂತ ಹೇಳುತ್ತೆ. ಹೊಟ್ಟೆಗೆ ಊಟ ಬಂತೋ ಇಲ್ಲವೋ ಅಂತ ಕಾಯೋದಿಲ್ಲ.

ಆ ದಿನ ಸಂಜೆ ಅಮ್ಮ ಮಾತ್ರೆ ತಗೊಂಡಿದ್ಲು. ತಗೊಂಡಿದ್ದು ಮರೆತು ಇನ್ನೊಂದ್ಸಲ ತಗೊಂಡ್ಲು. ಅತ್ತಿಗೆ ಊಟಕ್ಕೆ ಕರೆದಾಗ “ಆಗಲೇ ಆಯ್ತಲ್ಲಮ್ಮ” ಅಂದ್ಲು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ, ಊಟ ಆಗಿತ್ತು.

ರಾತ್ರಿ ಎರಡು ಗಂಟೆಗೆ ಬೆವರಿ ಹಾಸಿಗೆ ಒದ್ದೆ. ತೀರಿಹೋದ ತನ್ನ ಅಮ್ಮನ ಜೊತೆ ತೆಲುಗಿನಲ್ಲಿ ಮಾತಾಡ್ತಿದ್ಲು, ಹಿಡಿಯೋಕೆ ಹೋದ ಅಣ್ಣನ ಕೈ ತಳ್ಳಿದ್ಲು. ಮರೆವಿನ ಕಾಯಿಲೆ ಇರೋ ಮನೇಲಿ ಇಂಥದ್ದನ್ನ ನೋಡಿದ್ರೆ ಯಾರಿಗಾದ್ರೂ ಮೊದಲು ಏನನ್ಸುತ್ತೆ? ಕಾಯಿಲೆ ಜಾಸ್ತಿ ಆಯ್ತು ಅಂತ. ಅಣ್ಣಂಗೂ ಹಾಗೇ ಅನ್ಸಿತ್ತು. ಅತ್ತಿಗೆಗೆ ಮಾತ್ರ ಬೆವರು ನೋಡಿ ಅನುಮಾನ ಬಂತು. ಮೆಷಿನ್ ತಂದು ಬೆರಳು ಚುಚ್ಚಿದ್ರು. 46.

ಎಚ್ಚರ ಇತ್ತು, ನುಂಗೋಕೆ ಆಗ್ತಿತ್ತು, ಹಾಗಾಗಿ ಸಕ್ಕರೆ ನೀರು ಕುಡಿಸಿದ್ರು. ಕಾಲು ಗಂಟೆಯಲ್ಲಿ ಅಮ್ಮ ಅಮ್ಮನಾದ್ಲು. ಆದ್ರೂ ಅಲ್ಲಿಗೇ ಬಿಡದೆ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಅದು ಬಹಳ ಮುಖ್ಯ, ಯಾಕಂದ್ರೆ ಈ ಗುಂಪಿನ ಮಾತ್ರೆಯಿಂದ ಇಳಿದ ಶುಗರ್ ಒಂದ್ಸಲ ಏರಿ ಮತ್ತೆ ಇಳಿಯಬಹುದು.

ನೆನಪಿಟ್ಟುಕೊಳ್ಳಿ: ಬೆವರು, ನಡುಕ, ಎದೆಬಡಿತ, ತೊದಲು ಮಾತು, ಇದ್ದಕ್ಕಿದ್ದಂತೆ ಗೊಂದಲ ಅಥವಾ ಸಿಟ್ಟು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಲ್ಲಿ ಇವು ಕಂಡ್ರೆ ಮೊದಲು ಶುಗರ್ ನೋಡಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನನ್ನೂ ಹುಯ್ಯಬೇಡಿ, ನೇರ ಆಸ್ಪತ್ರೆಗೆ.

4/8
ಫೋಟೋ: ಎರಡು ಹೋಳು ಮಾವಿನಹಣ್ಣು

2009ರಲ್ಲಿ ಅದೇ ‘ಜಾಮಾ’ ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಬಂತು. ಟೈಪ್ 2 ಡಯಾಬಿಟಿಸ್ ಇರೋ 16,667 ಹಿರಿಯರ ದಾಖಲೆಗಳನ್ನ ವರ್ಷಗಟ್ಟಲೆ ಹಿಂಬಾಲಿಸಿದ್ರು. ಶುಗರ್ ತೀರಾ ಇಳಿದು ಆಸ್ಪತ್ರೆ ಸೇರಿದ್ದವರಲ್ಲಿ ಮುಂದೆ ಡಿಮೆನ್ಶಿಯಾ ಬರೋದು ಹೆಚ್ಚು ಕಂಡಿತು. ಇಂಥ ಘಟನೆ ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. ಇದು ದಾಖಲೆ ನೋಡಿ ಮಾಡಿದ ಅಧ್ಯಯನ, ಹಾಗಾಗಿ ಇದರಿಂದಲೇ ಅದು ಬಂತು ಅಂತ ಖಂಡಿತವಾಗಿ ಹೇಳೋಕಾಗಲ್ಲ. ಆದ್ರೆ ಇನ್ನೊಂದು ದಿಕ್ಕು ನಮಗೇ ಗೊತ್ತಲ್ಲ: ಮರೆವು ಇದ್ರೆ ಶುಗರ್ ಇಳಿಯೋ ಅಪಾಯ ಹೆಚ್ಚು. ಒಂದು ಇನ್ನೊಂದನ್ನ ತಳ್ಳುತ್ತೆ, ಅದು ಇದನ್ನ ತಳ್ಳುತ್ತೆ.

ಆ ರಾತ್ರಿ ಆದ್ಮೇಲೆ ಅಮ್ಮನನ್ನ ಬೆಂಗಳೂರಿಗೆ ಕರ್ಕೊಂಡು ಬಂದು, ಹಿರಿಯರ ಆರೋಗ್ಯ ನೋಡೋ ಡಾಕ್ಟರಮ್ಮ ಒಬ್ಬರ ಹತ್ತಿರ ಹೋದ್ವಿ. ಐದೂ ಫೈಲು ಮೇಜಿನ ಮೇಲಿಟ್ವಿ. ಅವರು ಶುಗರ್ ರಿಪೋರ್ಟ್ ತೆಗೆದ್ರು. ಮೂರು ತಿಂಗಳ ಸರಾಸರಿ ತೋರಿಸುತ್ತಲ್ಲ, ಎಚ್‌ಬಿಎ1ಸಿ, ಅದು 6.4 ಇತ್ತು.

“ಮೇಡಂ, ಅಮ್ಮಂದು ಯಾವಾಗ್ಲೂ ಏಳರ ಒಳಗೇ” ಅಂದ ಅಣ್ಣ. ದನಿಯಲ್ಲಿ ಹೆಮ್ಮೆ ಇತ್ತು.

“ಅದೇ ನನಗೆ ಭಯ” ಅಂದ್ರು ಅವರು. “ಈ ವಯಸ್ಸಿಗೆ, ಈ ಮರೆವಿಗೆ, ಈ ಮಾತ್ರೆ ಮೇಲೆ 6.4 ಅಂದ್ರೆ, ನಮಗೆ ಕಾಣದೆ ಎಷ್ಟು ಸಲ ಇಳಿದಿದೆಯೋ. ಗುರಿ ಬದಲಾಯಿಸೋಣ. ಎಂಟರ ಆಸುಪಾಸು ಇದ್ರೆ ಸಾಕು.”

ಅಣ್ಣನ ಮುಖ ನೀವು ನೋಡಬೇಕಿತ್ತು. ಇಪ್ಪತ್ತು ವರ್ಷ. ಮುದ್ದೆ ಅಳತೆ, ಅನ್ನ ಅಳತೆ, ಹಬ್ಬದ ದಿನ ಒಬ್ಬಟ್ಟು ಬಚ್ಚಿಡೋದು. ಅಪ್ಪ ಇದ್ದಾಗ ಶುರುವಾದ ಶಿಸ್ತು, ಅಪ್ಪ ಹೋದ್ಮೇಲೆ ಅಣ್ಣ ಅದನ್ನ ವ್ರತದ ಹಾಗೆ ನಡೆಸ್ಕೊಂಡು ಬಂದಿದ್ದ. “ಅಂದ್ರೆ ಅಮ್ಮನ್ನ ಕೈ ಬಿಡೋದಾ ಮೇಡಂ?” ಅಂದ. ಮೆಲ್ಲಗೆ ಅಂದ, ಆದ್ರೆ ಅಂದ.

ಅವರು ಸಮಾಧಾನವಾಗಿ ವಿವರಿಸಿದ್ರು. ಶುಗರ್ ಬಿಗಿಯಾಗಿ ಹಿಡಿದಿಟ್ರೆ ಕಣ್ಣು, ಕಿಡ್ನಿ, ನರ ಉಳಿಯುತ್ತೆ. ಆದ್ರೆ ಆ ಲಾಭ ಕೂಡಿಬರೋದು ವರ್ಷಗಟ್ಟಲೆ. ಶುಗರ್ ಇಳಿದ್ರೆ ಆಗೋ ನಷ್ಟ ಇವತ್ತು ರಾತ್ರಿಯೇ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದ್ರೆ ಆಮೇಲೆ ಎದ್ದು ಓಡಾಡೋದು ಕಷ್ಟ. ಐವತ್ತರ ವಯಸ್ಸಿನವರಿಗೆ ಬಿಗಿ ಹಿಡಿಯೋದು ಸರಿ. 76ರ, ಮರೆವಿರೋ ಹೆಂಗಸಿಗೆ ಸಡಿಲ ಬಿಡೋದೇ ಚಿಕಿತ್ಸೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲೂ ಇದೇ ಇದೆ: ಹಲವು ಕಾಯಿಲೆ ಅಥವಾ ಮರೆವು ಇರೋ ಹಿರಿಯರಿಗೆ 8ರ ಒಳಗೆ ಅನ್ನೋ ಸಡಿಲ ಗುರಿ, ಶುಗರ್ ಇಳಿಸೋ ಅಪಾಯ ಇರೋ ಔಷಧಿ ಆದಷ್ಟು ಬೇಡ ಅಂತ.

ಗ್ಲಿಮೆಪಿರೈಡ್ ನಿಲ್ಲಿಸಿದ್ರು. ಇಳಿಸೋ ಅಪಾಯ ಕಡಿಮೆ ಇರೋ ಬೇರೆ ಮಾತ್ರೆ ಬಂತು.

ಅಷ್ಟೊತ್ತೂ ಸುಮ್ಮನೆ ಕೂತಿದ್ದ ಅಮ್ಮ ಕೇಳಿದ್ಲು: “ಹಂಗಾದ್ರೆ ಮಾವಿನಹಣ್ಣು ತಿನ್ನಬೋದಾ?”

“ಎರಡು ಹೋಳು, ಅಮ್ಮ” ಅಂದ್ರು ಡಾಕ್ಟರು.

ಶ್ರೀನಿವಾಸಪುರದಿಂದ ಮದುವೆಯಾಗಿ ಬಂದ ಹೆಂಗಸು ನಮ್ಮಮ್ಮ. ಮಾವಿನ ಊರು ಅದು. ಇಪ್ಪತ್ತು ವರ್ಷ ಆದ್ಮೇಲೆ ಎರಡು ಹೋಳು.

5/8
ಫೋಟೋ: ನೆಗಡಿ ಮಾತ್ರೆಯ ಖಾಲಿ ಸ್ಟ್ರಿಪ್

ಅವತ್ತು ಇನ್ನೂ ಎರಡು ವಿಷಯ ಕಲಿತ್ವಿ.

ಒಂದು: ಮರೆವು ನಿಧಾನಕ್ಕೆ ಬಂದ್ರೆ ಒಂದು ಕಥೆ, ಇದ್ದಕ್ಕಿದ್ದಂತೆ ಬಂದ್ರೆ ಬೇರೆಯದೇ ಕಥೆ. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬೆಳೆಯುತ್ತೆ. ನಿನ್ನೆ ಸರಿಯಿದ್ದವರು ಇವತ್ತು ಗುರುತು ಹಿಡೀತಿಲ್ಲ, ಏನೇನೋ ಕಾಣುತ್ತೆ ಅಂತಾರೆ, ಹಗಲೆಲ್ಲ ಮಂಪರು ಅಂದ್ರೆ ಅದು ಡೆಲಿರಿಯಂ ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಯೋದು, ನೀರು ಕಡಿಮೆಯಾಗೋದು, ಹೊಸ ಮಾತ್ರೆ, ಯಾವುದೂ ಕಾರಣ ಆಗಬಹುದು. ಕಾರಣ ಹಿಡಿದ್ರೆ ಬಹಳ ಸಲ ಸರಿಹೋಗುತ್ತೆ. ಡಿಮೆನ್ಶಿಯಾ ಇರೋರಿಗೆ ಇದು ಬರೋ ಸಾಧ್ಯತೆ ಇನ್ನೂ ಹೆಚ್ಚು. “ಅವರದ್ದು ಹೇಗೂ ಮರೆವೇ ಅಲ್ವಾ” ಅಂತ ಸುಮ್ಮನಿರೋದು ಅದಕ್ಕೇ ಅಪಾಯ. ಅದೇ ದಿನ ತೋರಿಸಿ.

ಎರಡು: ಮಾತ್ರೆಯೂ ಮರೆವು ತರುತ್ತೆ. ಮೆದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಇದೆ. ಕೆಲವು ಔಷಧಿಗಳು ಅದರ ಕೆಲಸಕ್ಕೆ ಅಡ್ಡ ಬರ್ತವೆ. ಹಳೇ ಕಾಲದ ನೆಗಡಿ, ಅಲರ್ಜಿ ಮಾತ್ರೆಗಳು (ಕ್ಲೋರ್‌ಫೆನಿರಮೈನ್ ಥರದ್ದು), ಮೂತ್ರ ತಡೆಯೋಕೆ ಕೊಡೋ ಕೆಲವು ಮಾತ್ರೆಗಳು, ಖಿನ್ನತೆಗೂ ನರದ ನೋವಿಗೂ ಕೊಡೋ ಅಮಿಟ್ರಿಪ್ಟಿಲಿನ್. ವಿಚಿತ್ರ ಏನು ಗೊತ್ತಾ? ಮರೆವಿಗೆ ಕೊಡೋ ಡೊನೆಪೆಜಿಲ್ ಮಾತ್ರೆ ಅದೇ ರಾಸಾಯನಿಕವನ್ನ ಹೆಚ್ಚು ಉಳಿಸೋಕೆ ನೋಡುತ್ತೆ. ಒಂದು ಫೈಲಿನ ಮಾತ್ರೆ ಎಳೆಯೋದು ಒಂದು ಕಡೆ, ಇನ್ನೊಂದು ಫೈಲಿನದ್ದು ಇನ್ನೊಂದು ಕಡೆ. ಅಮ್ಮ ಮೈ ಕಡಿತಕ್ಕೆ ಮೆಡಿಕಲ್ ಶಾಪಿಂದ ತರಿಸಿ ನುಂಗ್ತಿದ್ದ ಮಾತ್ರೆ ಈ ಜಾತಿಯದ್ದೇ. ಅದು ಐದು ಫೈಲಲ್ಲಿ ಒಂದರಲ್ಲೂ ಇರಲಿಲ್ಲ.

ಜೊತೆಗೆ ಬಿ12 ನೋಡಿದ್ರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಬಿ12 ಕಡಿಮೆ ಆಗಬಹುದು, ಬಿ12 ಕಡಿಮೆಯಾದ್ರೆ ಮರೆವು, ಕಾಲು ಜುಮ್ಮೆನ್ನೋದು ಎರಡೂ ಬರಬಹುದು. ಥೈರಾಯ್ಡ್ ಹೆಚ್ಚುಕಡಿಮೆ ಆದ್ರೂ, ಖಿನ್ನತೆ ಇದ್ರೂ ಮರೆವಿನ ಹಾಗೇ ಕಾಣುತ್ತೆ. ಡಿಮೆನ್ಶಿಯಾ ಅನ್ನೋ ಹೆಸರು ಇಡೋ ಮುಂಚೆ ಇವನ್ನೆಲ್ಲ ನೋಡಲೇಬೇಕು. ಹೆಸರು ಇಟ್ಟ ಮೇಲೂ ಆಗಾಗ ನೋಡ್ತಿರಬೇಕು.

ಹನ್ನೊಂದು ಮಾತ್ರೆ ಏಳಕ್ಕೆ ಇಳಿದ್ವು.

6/8
ಫೋಟೋ: ಅಮ್ಮನ ಕಿವಿ, ಅದರಲ್ಲಿ ಹೊಸ ಹಿಯರಿಂಗ್ ಏಡ್

ಈಗ ನಮ್ಮ ನಿಮ್ಮ ವಿಷಯ. ನಲವತ್ತು, ಐವತ್ತರ ವಯಸ್ಸಿನವರು ಇದನ್ನ ಸ್ವಲ್ಪ ನಿಧಾನಕ್ಕೆ ಓದಿ.

‘ಲ್ಯಾನ್ಸೆಟ್’ ಪತ್ರಿಕೆಯ ಡಿಮೆನ್ಶಿಯಾ ಆಯೋಗ 2024ರಲ್ಲಿ 14 ಅಂಶಗಳ ಪಟ್ಟಿ ಕೊಟ್ಟಿದೆ: ಕಡಿಮೆ ಓದು, ಕಿವಿ ಮಂದ ಆಗೋದು, ಕೆಟ್ಟ ಕೊಲೆಸ್ಟ್ರಾಲ್, ಖಿನ್ನತೆ, ತಲೆಗೆ ಪೆಟ್ಟು, ಮೈಗೆ ಕೆಲಸ ಇಲ್ಲದಿರೋದು, ಶುಗರ್, ಬೀಡಿ ಸಿಗರೇಟು, ಬಿಪಿ, ಬೊಜ್ಜು, ಅತಿಯಾದ ಕುಡಿತ, ಒಂಟಿತನ, ವಾಯುಮಾಲಿನ್ಯ, ಚಿಕಿತ್ಸೆ ಕಾಣದ ಕಣ್ಣಿನ ತೊಂದರೆ. ಇವನ್ನೆಲ್ಲ ಸರಿಮಾಡೋಕೆ ಸಾಧ್ಯ ಆದ್ರೆ ಜಗತ್ತಿನಲ್ಲಿ ಸುಮಾರು 45% ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಇದು ಇಡೀ ಜನಸಮೂಹದ ಲೆಕ್ಕ. ‘ನಾನು ದಿನಾ ವಾಕಿಂಗ್ ಮಾಡ್ತೀನಿ, ನನಗೆ ಬರಲ್ಲ’ ಅನ್ನೋ ಗ್ಯಾರಂಟಿ ಇದರಲ್ಲಿಲ್ಲ. ಬಂದವರು ಏನೋ ತಪ್ಪು ಮಾಡಿದ್ರು ಅನ್ನೋ ಅರ್ಥವೂ ಇಲ್ಲ.

ಪಟ್ಟಿ ಇನ್ನೊಂದ್ಸಲ ನೋಡಿ. ಅರ್ಧದಷ್ಟು ನಾವು ‘ದೇಹದ ಕಾಯಿಲೆ’ ಗೂಡಲ್ಲಿ ಇಟ್ಟಿದ್ದವು.

ಪುರಾವೆ ಎಷ್ಟು ಗಟ್ಟಿ? ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ, ಅಷ್ಟಿಷ್ಟು. ಬಿಪಿ ಬಗ್ಗೆ ಅಮೆರಿಕದಲ್ಲಿ ‘ಸ್ಪ್ರಿಂಟ್ ಮೈಂಡ್’ ಅನ್ನೋ ದೊಡ್ಡ ಪ್ರಯೋಗ ನಡೀತು, 9,361 ಜನ. ಮೇಲಿನ ಬಿಪಿಯನ್ನ 140ರ ಬದಲು 120ರ ಒಳಗೆ ಇಡೋ ಪ್ರಯತ್ನ. 2019ರಲ್ಲಿ ಬಂದ ಫಲಿತಾಂಶ: ಡಿಮೆನ್ಶಿಯಾಕ್ಕೆ ಮುಂಚಿನ ಹಂತದ ಸೌಮ್ಯ ಮರೆವು ಕಡಿಮೆಯಾಯ್ತು. ಡಿಮೆನ್ಶಿಯಾ ಕಡಿಮೆಯಾಯ್ತು ಅಂತ ಮಾತ್ರ ಖಚಿತವಾಗಿ ಹೇಳೋಕೆ ಆಗಲಿಲ್ಲ. ಒಳ್ಳೇ ಸುದ್ದಿಯೇ. ಆದ್ರೆ ಆ ಪ್ರಯೋಗಕ್ಕೆ ಶುಗರ್ ಇರೋರನ್ನ ಸೇರಿಸಿರಲಿಲ್ಲ, ಡಿಮೆನ್ಶಿಯಾ ಇರೋರನ್ನೂ ಸೇರಿಸಿರಲಿಲ್ಲ. ಮತ್ತೆ ಅದೇ ಕಥೆ: ನಮ್ಮಮ್ಮ ಬಾಗಿಲ ಹೊರಗೆ.

ಕಿವಿ ಬಗ್ಗೆ 2023ರಲ್ಲಿ ‘ಅಚೀವ್’ ಅನ್ನೋ ಪ್ರಯೋಗದ ಫಲಿತಾಂಶ ಬಂತು. 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಎಲ್ಲರನ್ನೂ ಸೇರಿಸಿ ನೋಡಿದ್ರೆ ಹಿಯರಿಂಗ್ ಏಡ್‌ನಿಂದ ನೆನಪಿನ ಶಕ್ತಿಗೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಲ್ಲಿ ಮಾತ್ರ ಕುಸಿತ 48% ನಿಧಾನ ಆಗಿತ್ತು. ಅಮ್ಮಂಗೆ ನಾವು ಹಾಕಿಸಿದ್ದು ಆ ಅಂಕಿ ನೋಡಿ ಅಲ್ಲ. ಕಿವಿ ಕೇಳಿಸಿದ್ರೆ ಮಾತಿಗೆ ಸೇರ್ತಾಳೆ, ಸುಮ್ಮನೆ ಗೋಡೆ ನೋಡ್ತಾ ಕೂರಲ್ಲ. ಅಷ್ಟೇ ಸಾಕಿತ್ತು.

ಹೊಸ ಇಂಜೆಕ್ಷನ್ ಬಗ್ಗೆ ಇನ್‌ಬಾಕ್ಸಲ್ಲಿ ಬಹಳ ಜನ ಕೇಳ್ತೀರ. ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ತು. ಮೆದುಳಲ್ಲಿ ಸೇರ್ಕೊಳ್ಳೋ ಅಮಿಲಾಯ್ಡ್ ಅನ್ನೋ ಕಸವನ್ನ ತೆಗೆಯುತ್ತೆ. 18 ತಿಂಗಳ ಪ್ರಯೋಗದಲ್ಲಿ ಕುಸಿತವನ್ನ 27% ನಿಧಾನ ಮಾಡ್ತು. ಕಾಯಿಲೆಯನ್ನ ನಿಲ್ಲಿಸಲ್ಲ, ಹಿಂದಕ್ಕೂ ತರಲ್ಲ. ಆಲ್ಝೈಮರ್ಸ್‌ನ ಆರಂಭದ ಹಂತದವರಿಗೆ ಮಾತ್ರ, ಮೆದುಳಲ್ಲಿ ಊತ, ರಕ್ತಸ್ರಾವದ ಅಪಾಯ ಇರೋದ್ರಿಂದ ಆಗಾಗ ಎಂಆರ್‌ಐ ಮಾಡಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಬಲವಾದ ಔಷಧಿ ತಗೊಳ್ಳೋರಿಗೆ ಅಪಾಯ ಇನ್ನೂ ಹೆಚ್ಚು. ಇಲ್ಲೂ ನೋಡಿ, ಉಳಿದ ಫೈಲುಗಳನ್ನ ನೋಡದೆ ಈ ಫೈಲಿನ ತೀರ್ಮಾನ ಆಗಲ್ಲ.

7/8
ಫೋಟೋ: ಶ್ರೀನಿವಾಸಪುರ ರಸ್ತೆಯ ಪಕ್ಕದ ಮಾವಿನ ತೋಪು

ಮರೆವಿನ ಪರೀಕ್ಷೆಗೆ ಕೂರಿಸಿದಾಗ ಅಮ್ಮನನ್ನ ನೂರರಿಂದ ಏಳೇಳು ಕಳೆಯೋಕೆ ಹೇಳಿದ್ರು. ಅಮ್ಮ ಸ್ಕೂಲಿಗೆ ಹೋಗಿದ್ದು ಎರಡನೇ ಕ್ಲಾಸು. ಪೆನ್ಸಿಲ್ ಕೊಟ್ಟು ಒಂದರ ಮೇಲೊಂದು ಬಂದಿರೋ ಐದು ಮೂಲೆ ಚಿತ್ರ ಬರೀರಿ ಅಂದ್ರು. ಪೆನ್ಸಿಲ್ ಹಿಡಿದೇ ಅರವತ್ತು ವರ್ಷ ಆಗಿತ್ತು. ಇದರಲ್ಲಿ ಮರೆವಿನ ಪಾಲೆಷ್ಟು, ಓದದೆ ಇದ್ದಿದ್ದರ ಪಾಲೆಷ್ಟು?

ಈ ಪ್ರಶ್ನೆಯನ್ನ ಸಂಶೋಧಕರೂ ಕೇಳಿದ್ದಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಓದು ಬರಹ ಬಾರದವರಿಗೂ ಹೊಂದೋ ಹಾಗೆ ಪರೀಕ್ಷೆಯನ್ನೇ ಬದಲಾಯಿಸಿದ್ರು. ಗಡಿಯಾರದ ಸಮಯದ ಬದಲು ‘ಈಗ ಬೆಳಗ್ಗೆನೋ ಮಧ್ಯಾಹ್ನನೋ’, ಒಂದು ವಾಕ್ಯ ಬರೀರಿ ಅನ್ನೋದರ ಬದಲು ‘ನಿಮ್ಮ ಮನೆ ಬಗ್ಗೆ ಏನಾದ್ರೂ ಹೇಳಿ’. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಕಟ್ಟು ಮಾಡಿದೆ. ಕನ್ನಡವೂ ಅದರಲ್ಲಿದೆ. ಕೇಳಿ ಪಡೀರಿ.

ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಕೋಲಾರ, ಚಿಂತಾಮಣಿ ಕಡೆ ಮನೇಲಿ ತೆಲುಗು, ಬೀದೀಲಿ ಕನ್ನಡ. ಅಮ್ಮ ಬೈಯೋದು ಕನ್ನಡದಲ್ಲಿ, ಎಣಿಸೋದು ತೆಲುಗಲ್ಲಿ. 2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇರೋ 648 ಜನರನ್ನ ನೋಡಿ ಬರೆದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ಬೇರೆ ದೇಶಗಳ ಅಧ್ಯಯನಗಳೆಲ್ಲ ಇದನ್ನ ಒಪ್ಪಿಲ್ಲ. ಆದ್ರೂ ಶಾಲೆ ಕಾಣದ ಹೆಂಗಸರಿಗೆ ಬೀದಿ ಕಲಿಸಿದ ಭಾಷೆಯೂ ಒಂದು ಆಸ್ತಿ ಇರಬಹುದು ಅನ್ನೋದು ನನಗೆ ದೊಡ್ಡ ಸಮಾಧಾನ.

ಇನ್ನು ಅಮ್ಮನ ತವರು ಶ್ರೀನಿವಾಸಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರೋ ಸೆಂಟರ್ ಫಾರ್ ಬ್ರೇನ್ ರಿಸರ್ಚ್ 2018ರಿಂದ ಆ ತಾಲೂಕಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಅನ್ನೋ ಅಧ್ಯಯನ ನಡೆಸ್ತಿದೆ. 45 ದಾಟಿದ, ಡಿಮೆನ್ಶಿಯಾ ಇಲ್ಲದ 10,000 ಜನರನ್ನ ವರ್ಷಗಟ್ಟಲೆ ಹಿಂಬಾಲಿಸೋ ಗುರಿ. ನೆನಪಿನ ಪರೀಕ್ಷೆ, ರಕ್ತ, ಜೀನ್, ಮೆದುಳಿನ ಎಂಆರ್‌ಐ, ಎಲ್ಲ ಒಬ್ಬರದ್ದೇ. ಯಾರಿಗೆ ಮುಂದೆ ಮರೆವು ಬರುತ್ತೆ, ಯಾರಿಗೆ ಬರಲ್ಲ, ಶುಗರ್ ಬಿಪಿ ಅದರಲ್ಲಿ ಏನು ಮಾಡುತ್ತೆ ಅಂತ ಹುಡುಕೋದು. ಮೆದುಳಿನ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಜನರಿಂದ ಬಂದದ್ದು. ಮುದ್ದೆ ತಿಂದು, ತೋಟದಲ್ಲಿ ದುಡಿದು, ಸೌದೆ ಒಲೆ ಊದಿದ ಹೆಂಗಸರಿಂದಲ್ಲ.

ಇದು ಯಾಕೆ ಮುಖ್ಯ? ಲಾಸಿ-ಡ್ಯಾಡ್ ಅನ್ನೋ ರಾಷ್ಟ್ರೀಯ ಅಧ್ಯಯನದ 2023ರ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ 7.4% ಜನಕ್ಕೆ ಡಿಮೆನ್ಶಿಯಾ ಇದೆ, ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಹೆಂಗಸರು ಸಂಶೋಧನೆಯ ಒಳಗೆ ಬಂದಾಗ ಮಾತ್ರ ಅವರಿಗೆ ಹೊಂದೋ ಉತ್ತರ ಸಿಗೋದು.

ನಿಮ್ಮ ಊರಿಗೆ ಯಾರಾದ್ರೂ ಇಂಥ ಅಧ್ಯಯನಕ್ಕೆ ಅಂತ ಬಂದ್ರೆ ಹೆದರಬೇಡಿ, ಕುರುಡಾಗಿ ಒಪ್ಪಲೂಬೇಡಿ. ಯಾವ ಸಂಸ್ಥೆ, ನೀತಿ ಸಮಿತಿಯ ಒಪ್ಪಿಗೆ ಇದೆಯಾ, ರಕ್ತ ತಗೊಂಡು ಏನು ಮಾಡ್ತಾರೆ, ರಿಪೋರ್ಟ್ ನಮಗೂ ಕೊಡ್ತಾರಾ, ಮಧ್ಯದಲ್ಲಿ ಬಿಡಬಹುದಾ ಅಂತ ಕೇಳಿ. ನಮ್ಮ ಭಾಷೆಯಲ್ಲಿ ವಿವರಿಸಿದ ಮೇಲೇ ಸಹಿ ಹಾಕಿ.

8/8
ಫೋಟೋ: ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ

ಮನೇಲಿ ಮಾಡಬಹುದಾದ್ದು:

• ಎಲ್ಲ ಔಷಧಿಗೂ ಒಂದೇ ಹಾಳೆ. ಮೆಡಿಕಲ್ ಶಾಪಿಂದ ತಂದದ್ದು, ನಾಟಿ ಔಷಧಿ, ಕಷಾಯ ಎಲ್ಲ ಬರೀರಿ. ಯಾವ ಡಾಕ್ಟರ ಹತ್ತಿರ ಹೋದ್ರೂ ಅದೇ ಹಾಳೆ.
• ವರ್ಷಕ್ಕೆ ಒಂದ್ಸಲವಾದ್ರೂ ಒಬ್ಬ ಡಾಕ್ಟರನ್ನ ಕೂರಿಸಿ ಕೇಳಿ: “ಇದರಲ್ಲಿ ಯಾವುದು ಈಗ ಬೇಡ?”
• ಶುಗರ್, ಬಿಪಿ ಡಾಕ್ಟರಿಗೆ ಮರೆವಿದೆ ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. “ಈ ವಯಸ್ಸಿಗೆ ಗುರಿ ಎಷ್ಟು?” ಅಂತಾನೂ ಕೇಳಿ.
• ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ವಾರದ ಏಳು ಗೂಡಿನ ಡಬ್ಬಿ ಸಿಗುತ್ತೆ.
• ಕಿವಿ, ಕಣ್ಣು, ಬಿ12, ಥೈರಾಯ್ಡ್ ತೋರಿಸಿ.
• ನಿಮಗೆ ನಲವತ್ತಾದ್ರೆ ನಿಮ್ಮ ಬಿಪಿಯನ್ನೂ ನೋಡ್ಕೊಳ್ಳಿ.
• ಕರ್ನಾಟಕದಲ್ಲಿ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್ ಶುರುಮಾಡಿದೆ, ವಿಚಾರಿಸಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ 14567.

ಅಮ್ಮನ ಮರೆವು ಕಡಿಮೆಯಾಗಿಲ್ಲ. ನಿಧಾನಕ್ಕೆ ಜಾಸ್ತೀನೇ ಆಗ್ತಿದೆ. ನನ್ನನ್ನ ಒಂದೊಂದ್ಸಲ ತನ್ನ ತಂಗಿ ಅನ್ಕೋತಾಳೆ. ಆದ್ರೆ ಒಂದು ವರ್ಷದ ಮೇಲಾಯ್ತು, ಶುಗರ್ ಇಳಿದು ಆಸ್ಪತ್ರೆ ಕಂಡಿಲ್ಲ. ಬಿದ್ದಿಲ್ಲ. ಹಗಲು ಮಂಪರು ಹೋಗಿದೆ. ಅಣ್ಣ ಈಗ್ಲೂ ವಾರಕ್ಕೊಂದ್ಸಲ ಫೋನ್ ಮಾಡಿ “ಎಷ್ಟಿತ್ತು?” ಅಂತಾನೆ. “170” ಅಂದ್ರೆ ಮುಂಚೆ ಸಿಟ್ಟಾಗ್ತಿದ್ದ. ಈಗ “ಊಟ ಮಾಡಿದ್ಲಾ?” ಅಂತ ಕೇಳ್ತಾನೆ.

ಮುಂದಿನ ಕಂತು ನೋಡಿಕೊಳ್ಳೋರ ಆರೋಗ್ಯದ ಬಗ್ಗೆ, ಅತ್ತಿಗೆ ಬಾಯಲ್ಲೇ.

ನಿಮ್ಮ ಮನೆಯವರಿಗೆ ಮರೆವಿನ ಪರೀಕ್ಷೆ ಆಗಿದ್ರೆ, ಯಾವ ಭಾಷೆಯಲ್ಲಿ ಮಾಡಿದ್ರು? ಕಾಮೆಂಟಲ್ಲಿ ಬರೀರಿ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಯವರು ತಪ್ಪದೆ ಬರೀರಿ.

#ಅಮ್ಮನಜೊತೆ #ಮರೆವು #ಡಿಮೆನ್ಶಿಯಾ #ಹಿರಿಯರಆರೋಗ್ಯ #ಶುಗರ್ #ಕನ್ನಡ